ಫಂಕ್ಷನ್ನಿನ ವಿಳಾಸವೂ ಕಂಪೈಲರಿನ ತಪಾಸಣೆಯೂ

ನಮ್ಮ ವಾಚನಾಲಯದಲ್ಲಿ ರವಿವಾರ ಸಾಯಂಕಾಲ ಸಿ ಭಾಷೆಯನ್ನು ಕಲಿಯಲು ಕೂಡುವ ಹುಡುಗ ಹುಡುಗಿಯರಿಗಾಗಿ ಈ ಪಾಠವನ್ನು ಬರೆಯುತ್ತಿದ್ದೇವೆ. ಪಾಯಿಂಟರಿನವರೆಗೆ ಬಂದು ನಿಂತವರಿಗೆ ಇದು ತಿಳಿಯತಕ್ಕದ್ದು. ಉಳಿದ ವಾಚಕ ಬಂಧುಗಳು ನಡುವಿನ ಕಥೆಯನ್ನಷ್ಟೇ ಓದಿದರೂ ನಮಗೆ ಸಮಾಧಾನ. ನಮ್ಮ ಕೈತಪ್ಪಿನಿಂದ ಅವರಲ್ಲಿ ಕೆಲವರಿಗೆ ಆದ ತೊಂದರೆಯ ಲೆಕ್ಕ ಅಲ್ಲಿದೆ.

ಮೊದಲು ಒಂದು ಸೂಚನೆ. ಸಿ ಭಾಷೆಯ ಸಾಲುಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು. ಇಲ್ಲಿ ಮಾತ್ರ ಅವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ನಾವೇ ಇಟ್ಟುಕೊಂಡ ಹೆಸರುಗಳು ಕನ್ನಡ ಶಬ್ದಗಳಾಗಿಯೇ ಇವೆ.

ಪಾಯಿಂಟರೆಂದರೆ ವಿಳಾಸ. ಒಂದು ಸಂಖ್ಯೆ ಎಲ್ಲಿದೆ, ಒಂದು ಹೆಸರು ಎಲ್ಲಿದೆ ಎಂಬುದನ್ನು ಬರೆದಿಟ್ಟುಕೊಂಡ ಚೀಟಿ. ಆದರೆ ಯಂತ್ರದ ನೆನಪಿನಲ್ಲಿ ಸಂಖ್ಯೆ, ಹೆಸರುಗಳು ಮಾತ್ರವೇ ಇರುವುದಿಲ್ಲ. ಕೆಲಸ ಮಾಡುವ ಫಂಕ್ಷನ್ನುಗಳೂ ಅಲ್ಲಿಯೇ ಒಂದೊಂದು ಎಡೆಯಲ್ಲಿ ಕೂತಿರುತ್ತವೆ. ಆ ಎಡೆಯ ವಿಳಾಸವನ್ನು ಬರೆದುಕೊಂಡರೆ ಅದೇ ಫಂಕ್ಷನ್ ಪಾಯಿಂಟರು. ಅದನ್ನು ಇನ್ನೊಂದು ಫಂಕ್ಷನ್ನಿಗೆ ಆರ್ಗ್ಯುಮೆಂಟಾಗಿ ಕೊಟ್ಟು, "ಬೇಕಾದಾಗ ಈ ವಿಳಾಸದವನನ್ನು ಕರೆದು ಕೇಳು" ಎಂದು ಹೇಳಬಹುದು.

ಇದರ ಉಪಯೋಗ ಎಲ್ಲರಿಗೂ ಮೊದಲು ಕಾಣುವುದು ವಿಂಗಡಣೆಯಲ್ಲಿ. ಸಿ ಭಾಷೆಯ ಭಂಡಾರದಲ್ಲಿ ಕ್ಯೂಸಾರ್ಟ್ ಎಂಬ ಫಂಕ್ಷನ್ ಇದೆ. ಟೋನಿ ಹೋರ್ ಎಂಬ ಆಂಗ್ಲ ಪಂಡಿತರು ೧೯೬೧ರಲ್ಲಿ ಪ್ರಕಟಿಸಿದ ತ್ವರಿತ ವಿಂಗಡಣೆಯ ಹೆಸರು ಅದಕ್ಕೆ ಬಂದಿದೆ. ಅದಕ್ಕೆ ಸಾಮಾನುಗಳನ್ನು ಅತ್ತಿಂದಿತ್ತ ಸರಿಸಿ ಕ್ರಮವಾಗಿ ಹಚ್ಚುವುದು ಗೊತ್ತು. ಎರಡು ಸಾಮಾನುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿಲ್ಲ. ಸಂಖ್ಯೆಯೋ, ಹೆಸರೋ, ತಾರೀಖೋ ಎಂಬುದೂ ಗೊತ್ತಿಲ್ಲ. ಆದುದರಿಂದ ಹೋಲಿಸಿ ಹೇಳುವ ಒಬ್ಬನನ್ನು ನಾವೇ ಒದಗಿಸಬೇಕು. ಅದರ ಘೋಷಣೆ ಹೀಗಿದೆ:

ವಾಯ್ಡ್ ಕ್ಯೂಸಾರ್ಟ್(ವಾಯ್ಡ್ *ಮೊದಲು, ಸೈಜ್‌ಟಿ ಎಣಿಕೆ, ಸೈಜ್‌ಟಿ ಅಳತೆ, ಇಂಟ್ (*ಹೋಲಿಸು)(ಕಾನ್ಸ್ಟ್ ವಾಯ್ಡ್ *, ಕಾನ್ಸ್ಟ್ ವಾಯ್ಡ್ *));

ಕೊನೆಯ ಆರ್ಗ್ಯುಮೆಂಟನ್ನು ನಿಧಾನವಾಗಿ ಓದಿರಿ. 'ಹೋಲಿಸು' ಎಂಬುದು ಒಂದು ಫಂಕ್ಷನ್ನಿನ ವಿಳಾಸ. ಆ ಫಂಕ್ಷನ್ನು ಎರಡು ವಿಳಾಸಗಳನ್ನು ತೆಗೆದುಕೊಂಡು ಒಂದು ಪೂರ್ಣಾಂಕವನ್ನು ಹಿಂದಿರುಗಿಸತಕ್ಕದ್ದು. ಸೊನ್ನೆಗಿಂತ ಕಡಿಮೆಯಾದರೆ ಮೊದಲನೆಯದು ಮುಂದೆ, ಹೆಚ್ಚಾದರೆ ಎರಡನೆಯದು ಮುಂದೆ, ಸೊನ್ನೆಯಾದರೆ ಎರಡೂ ಸಮ. ನಕ್ಷತ್ರವನ್ನೂ ಹೆಸರನ್ನೂ ಕೂಡಿಸಿ ಕಂಸ ಹಾಕಿದ್ದು ವೃಥಾ ಅಲ್ಲ. ಅದನ್ನು ಬಿಟ್ಟರೆ 'ಪೂರ್ಣಾಂಕದ ವಿಳಾಸವನ್ನು ಹಿಂದಿರುಗಿಸುವ ಫಂಕ್ಷನ್' ಎಂದು ಅರ್ಥ ಬೇರೆಯಾಗುತ್ತದೆ.

ಹೀಗೆ ಪ್ರತಿಯೊಂದು ಫಂಕ್ಷನ್ ಪಾಯಿಂಟರಿಗೂ ಒಂದು ಟೈಪ್ ಇದೆ. ನಾವು ಅದನ್ನು ನಮೂನೆ ಎಂದು ಕರೆಯೋಣ. ಏನನ್ನು ಹಿಂದಿರುಗಿಸುತ್ತದೆ, ಎಷ್ಟು ಆರ್ಗ್ಯುಮೆಂಟು ಬೇಕು, ಒಂದೊಂದೂ ಯಾವ ಬಗೆಯದು, ಇಷ್ಟು ಸೇರಿ ನಮೂನೆ. ಕೇಳಿದ ನಮೂನೆಯೂ ಕೊಟ್ಟ ನಮೂನೆಯೂ ಹೊಂದುತ್ತವೆಯೇ ಎಂದು ಕಂಪೈಲರು ನೋಡುತ್ತದೆ. ಪಾಠದ ವಿಷಯ ಈ ನೋಟವೇ.

ಮೊದಲು ಈ ನೋಟವೇ ಇರಲಿಲ್ಲವೆಂದರೆ ಮಕ್ಕಳಿಗೆ ಆಶ್ಚರ್ಯವಾದೀತು. ಡೆನ್ನಿಸ್ ರಿಚಿಯವರು ಬೆಲ್ ಪ್ರಯೋಗಶಾಲೆಯಲ್ಲಿ ಸಿ ಭಾಷೆಯನ್ನು ಕಟ್ಟಿದರು. ಬ್ರಯನ್ ಕರ್ನಿಹನ್ ಅವರೊಡನೆ ಕೂಡಿ ೧೯೭೮ರಲ್ಲಿ ಅದರ ಪುಸ್ತಕವನ್ನು ಬರೆದರು. ಆ ಕಾಲದ ಸಿ ಭಾಷೆಯಲ್ಲಿ ಫಂಕ್ಷನ್ನನ್ನು ಘೋಷಿಸುವಾಗ ಕಂಸದೊಳಗೆ ಏನನ್ನೂ ಬರೆಯುತ್ತಿರಲಿಲ್ಲ. ಯಾರಿಗೆ ಏನು ಕೊಟ್ಟರೂ ಕಂಪೈಲರು ಸುಮ್ಮನಿರುತ್ತಿತ್ತು. ತಪಾಸಣೆಗೆಂದು ಸ್ಟೀಫನ್ ಜಾನ್ಸನ್ ಅವರು ಲಿಂಟ್ ಎಂಬ ಬೇರೆಯೇ ಸಾಧನವನ್ನು ರಚಿಸಿದ್ದರು. ಬಯಾರ್ನೆ ಸ್ಟ್ರೌಸ್ಟ್ರುಪ್ ಅವರ ಸಿ ಪ್ಲಸ್ ಪ್ಲಸ್ ಭಾಷೆಯಿಂದ ಪಡೆದು, ಕಂಸದೊಳಗೆ ನಮೂನೆಗಳನ್ನು ಬರೆಯುವ ಪದ್ಧತಿ ಸಿ ಭಾಷೆಗೆ ಅಧಿಕೃತವಾಗಿ ಬಂದದ್ದು ೧೯೮೯ರ ಅಮೇರಿಕದ ಪ್ರಮಾಣಗ್ರಂಥದಲ್ಲಿ. ಆಗಲೂ ಹಳಬರ ಅನುಕೂಲಕ್ಕೆಂದು ಖಾಲಿ ಕಂಸವನ್ನು ಉಳಿಸಿದರು. ಖಾಲಿ ಕಂಸವೆಂದರೆ 'ಆರ್ಗ್ಯುಮೆಂಟಿನ ವಿಷಯ ಹೇಳಿಲ್ಲ' ಎಂದರ್ಥ. ಆ ಕಿಂಡಿ ಮುಚ್ಚಿದ್ದು ೨೦೨೪ರಲ್ಲಿ ಪ್ರಕಟವಾದ, ಸಿ ೨೩ ಎಂದು ಕರೆಯುವ ಪ್ರಮಾಣದಲ್ಲಿ. ಈಗ ಖಾಲಿ ಕಂಸಕ್ಕೆ 'ಆರ್ಗ್ಯುಮೆಂಟು ಇಲ್ಲವೇ ಇಲ್ಲ' ಎಂಬ ಒಂದೇ ಅರ್ಥ.

ಕಂಪೈಲರುಗಳೂ ಬಹುಕಾಲ ಮೃದುವಾಗಿದ್ದವು. ನಮೂನೆ ಹೊಂದದಿದ್ದರೆ ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸಿ ಮುಂದೆ ಸಾಗುತ್ತಿದ್ದವು, ಓದುವವರು ಯಾರು? ಕ್ಲ್ಯಾಂಗ್ ೨೦೨೩ರಲ್ಲಿ ತನ್ನ ೧೬ನೆಯ ಆವೃತ್ತಿಯಿಂದ, ಜಿಸಿಸಿ ೨೦೨೪ರ ಮೇ ತಿಂಗಳಲ್ಲಿ ಬಂದ ೧೪ನೆಯ ಆವೃತ್ತಿಯಿಂದ, ಇದನ್ನು ದೋಷವೆಂದೇ ಎಣಿಸಿ ನಿಲ್ಲಿಸುತ್ತವೆ. ಹಳೆಯ ಗೈಡುಗಳಲ್ಲಿಯ ಎಷ್ಟೋ ಉದಾಹರಣೆಗಳು ಈಗಿನ ಯಂತ್ರದಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಕಥೆ.

ವಾಚನಾಲಯದ ಪುಸ್ತಕಗಳ ಯಾದಿ ವರ್ಷಗಟ್ಟಲೆ ಒಂದು ರಿಜಿಸ್ಟರಿನಲ್ಲಿತ್ತು. ಬಂದ ಕ್ರಮದಲ್ಲಿ ಬರೆದದ್ದರಿಂದ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳಲು ಹಳೆಯ ಸ್ವಯಂಸೇವಕರೇ ಬೇಕಾಗುತ್ತಿತ್ತು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಪಾಠದ ಅಂಗವಾಗಿಯೇ ಕೈಗೊಂಡೆವು. ನಾವು ಗಿರಣಿಯ ಕಾರಕೂನರು. ಹೆಸರುಗಳನ್ನು ತಪ್ಪಿಲ್ಲದೆ ತುಂಬುವುದು ನಮ್ಮ ಪಾಲಿಗೆ. ಡಿಪ್ಲೊಮಾ ಎರಡನೆಯ ವರ್ಷದ ಒಬ್ಬ ಹುಡುಗಿ ಸಿ ಭಾಷೆಯ ಭಾಗವನ್ನು ನೋಡಿಕೊಂಡಳು. ಮೊದಲ ಸಲ ಅವಳು ಯಾದಿಯನ್ನು ಹೀಗೆ ಇಟ್ಟಿದ್ದಳು:

ಚಾರ್ ಯಾದಿ[೫೦೦][೪೦];

ಅಂದರೆ ಐನೂರು ಖಾನೆಗಳು, ಒಂದೊಂದು ಖಾನೆಯಲ್ಲಿ ನಲವತ್ತು ಬೈಟು ಜಾಗ. ಹೆಸರು ಖಾನೆಯೊಳಗೇ ಇರುತ್ತದೆ. ಎರಡು ಹೆಸರುಗಳನ್ನು ಹೋಲಿಸಲು ಭಂಡಾರದಲ್ಲಿ ಸ್ಟ್ರ್‌ಕಂಪ್ ಎಂಬ ಫಂಕ್ಷನ್ ಸಿದ್ಧವಾಗಿಯೇ ಇರುವಾಗ ಬೇರೆ ಬರೆಯುವುದೇಕೆ ಎಂದು ಅದನ್ನೇ ಕ್ಯೂಸಾರ್ಟಿಗೆ ಕೊಟ್ಟಳು. ಕಂಪೈಲರು ತಡೆಯಿತು. ಸ್ಟ್ರ್‌ಕಂಪ್ ತೆಗೆದುಕೊಳ್ಳುವುದು ಕಾನ್ಸ್ಟ್ ಚಾರ್ ವಿಳಾಸಗಳನ್ನು. ಕ್ಯೂಸಾರ್ಟ್ ಕೇಳುವುದು ಕಾನ್ಸ್ಟ್ ವಾಯ್ಡ್ ವಿಳಾಸಗಳನ್ನು ತೆಗೆದುಕೊಳ್ಳುವವನನ್ನು.

"ಕಾಕಾ, ಯಾವ ಪಾಯಿಂಟರಾದರೂ ವಾಯ್ಡ್ ಪಾಯಿಂಟರಿಗೆ ತಾನಾಗಿಯೇ ಸೇರುತ್ತದೆಂದು ನೀವೇ ಹೇಳಿದ್ದೀರಲ್ಲ, ಈಗೇಕೆ ಬೈಯುತ್ತದೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆಗ ನಮಗೆ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತೇವೆ. ಒಂದು ವಿಳಾಸವನ್ನು ಕೈಯಿಂದ ಕೈಗೆ ಕೊಡುವಾಗ ನಡುವೆ ಕಂಪೈಲರು ನಿಂತಿರುತ್ತದೆ. ಬದಲಾವಣೆ ಬೇಕಾದರೆ ಅಲ್ಲಿಯೇ ಮಾಡಿಕೊಡುತ್ತದೆ. ಆದರೆ ಕ್ಯೂಸಾರ್ಟ್ ಎಂದೋ ಕಂಪೈಲಾಗಿ ಭಂಡಾರದಲ್ಲಿ ಕೂತಿದೆ. ಅದು ತಾನು ಕರೆಯುವವನು ವಾಯ್ಡ್ ವಿಳಾಸವನ್ನೇ ತೆಗೆದುಕೊಳ್ಳುವವನೆಂದು ನಂಬಿ ಕರೆಯುತ್ತದೆ. ಆ ಕರೆಯ ಹೊತ್ತಿಗೆ ಬದಲಾಯಿಸಿಕೊಡುವವರು ಯಾರೂ ಅಲ್ಲಿರುವುದಿಲ್ಲ. ಡೇಟಾ ಜನರಲ್ ಕಂಪನಿಯ ಎಕ್ಲಿಪ್ಸ್‌ನಂಥ ಹಿಂದಿನ ಯಂತ್ರಗಳಲ್ಲಿ ಅಕ್ಷರದ ವಿಳಾಸವನ್ನು ಬರೆಯುವ ರೀತಿಯೇ ಬೇರೆ, ಪೂರ್ಣಾಂಕದ ವಿಳಾಸವನ್ನು ಬರೆಯುವ ರೀತಿಯೇ ಬೇರೆ ಇತ್ತು. ಅಲ್ಲಿ ಹೀಗೆ ನಂಬಿ ಕೆಟ್ಟವರಿದ್ದರು. ಚಾರ್ ಮತ್ತು ವಾಯ್ಡ್ ವಿಳಾಸಗಳ ಬರಹ ಒಂದೇ ಎಂದು ಪ್ರಮಾಣಗ್ರಂಥವೇ ಹೇಳುತ್ತದೆ, ನಿಜ; ಆದರೂ ಹೊಂದದ ನಮೂನೆಯಿಂದ ಫಂಕ್ಷನ್ನನ್ನು ಕರೆದರೆ ಏನಾದೀತೆಂಬುದಕ್ಕೆ ಅದೇ ಗ್ರಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಅವಳು ಹಳೆಯ ಗೈಡಿನಲ್ಲಿ ಉಪಾಯ ಕಂಡಳು. ಸ್ಟ್ರ್‌ಕಂಪ್ ಶಬ್ದದ ಮುಂದೆ ಕಂಸದಲ್ಲಿ ಬೇಕಾದ ನಮೂನೆಯನ್ನು ಬರೆದುಬಿಡುವುದು. ಇದಕ್ಕೆ ಕಾಸ್ಟ್ ಎನ್ನುತ್ತಾರೆ.

ಕ್ಯೂಸಾರ್ಟ್(ಯಾದಿ, ಎಣಿಕೆ, ಸೈಜಾಫ್ ಯಾದಿ[೦], (ಇಂಟ್ (*)(ಕಾನ್ಸ್ಟ್ ವಾಯ್ಡ್ *, ಕಾನ್ಸ್ಟ್ ವಾಯ್ಡ್ *))ಸ್ಟ್ರ್‌ಕಂಪ್);

ಬೈಯುವುದು ನಿಂತಿತು. ಯಾದಿ ಕ್ರಮವಾಗಿ ಬಂದಿತು. ನಾವೂ ಶಾಬಾಸ್ ಎಂದೆವು. "ಸಹಿ ಮಾಡಿಬಿಡಿ, ಆಮೇಲೆ ನೋಡೋಣ" ಎಂಬ ಮಾತಿನ ರುಚಿಯನ್ನು ಗಿರಣಿಯಲ್ಲಿ ಎಷ್ಟೋ ಸಲ ಉಂಡ ನಮಗಾದರೂ ಸಂಶಯ ಬರಬೇಕಾಗಿತ್ತು, ಬರಲಿಲ್ಲ.

ಕಾಸ್ಟ್ ಏನು ಮಾಡುತ್ತದೆ? ಸಾನಪಾಡಾ ನಿಲ್ದಾಣದಲ್ಲಿ ನಿಂತವರಿಗೆ ಹೇಳುವುದು ಸುಲಭ. ಇಲ್ಲಿ ಪನ್ವೇಲಿನ ಕಡೆಯ ಗಾಡಿಯೂ ಬರುತ್ತದೆ, ಠಾಣೆಯ ಕಡೆಯ ಗಾಡಿಯೂ ಬರುತ್ತದೆ. ಠಾಣೆಯ ಗಾಡಿಯ ಹಣೆಗೆ ಪನ್ವೇಲ್ ಎಂಬ ಫಲಕವನ್ನು ಹಚ್ಚಿದರೆ ಪ್ರಯಾಣಿಕರ ಕೂಗಾಟ ನಿಲ್ಲಬಹುದು. ಗಾಡಿ ಹೋಗುವುದು ಮಾತ್ರ ತುರ್ಭೆಗೆ. ಕಾಸ್ಟ್ ಫಲಕವನ್ನು ಬದಲಿಸುತ್ತದೆ. ಹಳಿಯನ್ನು ಬದಲಿಸುವುದಿಲ್ಲ.

ತಿಂಗಳೆರಡು ಕಳೆಯಿತು. ಕುವೆಂಪುರವರ 'ಮಲೆಗಳಲ್ಲಿ ಮದುಮಗಳು' ಯಾದಿಗೆ ಸೇರಿತು. ತೆರೆಯ ಮೇಲೆ 'ಮಲೆಗಳಲ್ಲಿ ಮದು' ಎಂದಷ್ಟೇ ಬಂದು ಮುಂದೆ ಒಂದು ಒಡಕು ಗುರುತು. ಲೆಕ್ಕ ಹಾಕಿ ನೋಡಿರಿ. ಯೂನಿಕೋಡಿನ ಯುಟಿಎಫ್ ೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ೩ ಬೈಟು. ವ್ಯಂಜನ ಒಂದು ಗುರುತು, ಕಾಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರದ ನಡುವಿನ ಹಲಂತ ಮತ್ತೊಂದು. 'ಮಲೆಗಳಲ್ಲಿ' ೯ ಗುರುತು, 'ಮದುಮಗಳು' ೭ ಗುರುತು, ನಡುವಿನ ತೆರಪಿಗೆ ೧ ಬೈಟು. ಒಟ್ಟು ೪೯ ಬೈಟು. ನಮ್ಮ ಖಾನೆ ನಲವತ್ತರದು, ಅದರಲ್ಲಿಯೂ ಕೊನೆಯ ಸೊನ್ನೆಗೆ ಒಂದು ಹೋಗಿ ಉಳಿದದ್ದು ೩೯. 'ಮದು' ಮುಗಿಯುವಷ್ಟಕ್ಕೆ ೩೭ ತುಂಬಿತು. ಮುಂದಿನ ಮಕಾರದ ಮೂರರಲ್ಲಿ ಎರಡು ಬೈಟು ಮಾತ್ರ ಒಳಗೆ ಬಂದವು. ಒಡಕು ಗುರುತು ಅದೇ. ಇಂಗ್ಲಿಷ್ ಹೆಸರುಗಳಿಗೆ ಸಾಕಾಗುವ ಅಳತೆಯನ್ನು ಕನ್ನಡಕ್ಕೆ ಹೊಲಿದರೆ ಆಗುವುದು ಹೀಗೆ.

ಹುಡುಗಿ ಜಾಣೆ. ಖಾನೆಯ ಅಳತೆಯ ಗೋಜೇ ಬೇಡವೆಂದು ಯಾದಿಯನ್ನು ಬದಲಿಸಿದಳು:

ಚಾರ್ *ಯಾದಿ[೫೦೦];

ಈಗ ಖಾನೆಯೊಳಗೆ ಹೆಸರಿಲ್ಲ. ಹೆಸರು ಬೇರೆಲ್ಲೋ, ತನಗೆ ಬೇಕಾದಷ್ಟು ಉದ್ದಕ್ಕೆ ಇದೆ. ಖಾನೆಯಲ್ಲಿರುವುದು ಅದರ ವಿಳಾಸದ ಚೀಟಿ ಮಾತ್ರ. ಜತೆಗೆ, ಕೇಳಿದ ಪುಸ್ತಕ ಇದೆಯೇ ಇಲ್ಲವೇ ಎಂದು ಹುಡುಕಿ ಹೇಳಲು ಬಿಸರ್ಚ್ ಎಂಬ ಭಂಡಾರದ ಫಂಕ್ಷನ್ನನ್ನು ಬಳಸಿದಳು. ಅದಕ್ಕೆ ಬೇಕಾದ ಹೋಲಿಕೆಯ ಫಂಕ್ಷನ್ನನ್ನು ಹೊಸದಾಗಿ, ಸರಿಯಾದ ನಮೂನೆಯಲ್ಲಿಯೇ ಬರೆದಳು. ಕ್ಯೂಸಾರ್ಟಿನ ಸಾಲನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬೇಕೆಂದು ಕಂಪೈಲರು ಹೇಳಲಿಲ್ಲ. ಹೇಳಬಾರದೆಂದು ನಾವೇ ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿದ್ದೆವಲ್ಲ!

ಈಗ ಕ್ಯೂಸಾರ್ಟ್ ಏನು ಮಾಡುತ್ತದೆ ನೋಡಿರಿ. ಅದು ಯಾವಾಗಲೂ ಕೊಡುವುದು ಖಾನೆಯ ವಿಳಾಸವನ್ನು. ಹಿಂದೆ ಖಾನೆಯಲ್ಲಿಯೇ ಹೆಸರಿದ್ದುದರಿಂದ ಖಾನೆಯ ವಿಳಾಸಕ್ಕೆ ಹೋದ ಸ್ಟ್ರ್‌ಕಂಪ್‌ಗೆ ಹೆಸರು ಸಿಗುತ್ತಿತ್ತು. ಈಗ ಅಲ್ಲಿಗೆ ಹೋದರೆ ಸಿಗುವುದು ಚೀಟಿ. ಸ್ಟ್ರ್‌ಕಂಪ್‌ಗೆ ಚೀಟಿಯೆಂದು ತಿಳಿಯದು. ಚೀಟಿಯ ಮೇಲಿನ ಅಂಕೆಗಳನ್ನೇ ಅಕ್ಷರಗಳೆಂದು ಓದಿ ಹೋಲಿಸಿತು. ಪುಸ್ತಕದ ಹೆಸರನ್ನು ಕೇಳಿದರೆ ಕಪಾಟಿನ ನಂಬರನ್ನು ಓದಿ ಹೇಳಿದ ಹಾಗೆ.

ಯಂತ್ರ ಮುರಿದು ಬೀಳಬಾರದಿತ್ತೇ ಎಂದರೆ, ಬೀಳಲಿಲ್ಲ. ನಮ್ಮಲ್ಲಿರುವಂಥ ೬೪ ಬಿಟ್ಟಿನ ಯಂತ್ರದಲ್ಲಿ ಚೀಟಿ ೮ ಬೈಟಿನದು. ಕಿರಿಯ ಬೈಟು ಮೊದಲು, ಹಿರಿಯದು ಕೊನೆಗೆ. ಕೊನೆಯ ಎರಡು ಬೈಟು ಸಾಮಾನ್ಯವಾಗಿ ಸೊನ್ನೆ. ಸೊನ್ನೆ ಕಂಡ ಕೂಡಲೆ ಸ್ಟ್ರ್‌ಕಂಪ್ ಓದು ನಿಲ್ಲಿಸುತ್ತದೆ. ಆದುದರಿಂದ ಅದು ಎಲ್ಲೆಯನ್ನು ದಾಟದೆ, ಗದ್ದಲ ಮಾಡದೆ, ನಾಲ್ಕು ನೂರು ಪುಸ್ತಕಗಳನ್ನು ನೆನಪಿನಲ್ಲಿ ಅವು ಕೂತ ಎಡೆಯ ಅಂಕೆಗಳ ಪ್ರಕಾರ ಅಚ್ಚುಕಟ್ಟಾಗಿ ವಿಂಗಡಿಸಿತು. ಮುರಿದು ಬಿದ್ದಿದ್ದರೆ ಅಂದೇ ತಿಳಿಯುತ್ತಿತ್ತು.

ಬಿಸರ್ಚ್ ಯಾದಿಯ ನಡುವಿಗೆ ಹೋಗಿ ನೋಡುತ್ತದೆ. ಬೇಕಾದದ್ದು ಅದಕ್ಕಿಂತ ಮುಂಚಿನದೋ ನಂತರದ್ದೋ ಎಂದು ಅರ್ಧವನ್ನು ಕೈಬಿಡುತ್ತದೆ. ಉಳಿದ ಅರ್ಧದ ನಡುವಿಗೆ ಮತ್ತೆ ಹೋಗುತ್ತದೆ. ನಾಲ್ಕು ನೂರು ಪುಸ್ತಕವಿದ್ದರೂ ಒಂಬತ್ತು ನೋಟದೊಳಗೆ ಕೆಲಸ ಮುಗಿಯುತ್ತದೆ. ಆದರೆ ಯಾದಿ ಕ್ರಮವಾಗಿರಬೇಕು. ಕ್ರಮ ತಪ್ಪಿದ್ದರೆ ಅದು ಕೈಬಿಟ್ಟ ಅರ್ಧದಲ್ಲಿಯೇ ಪುಸ್ತಕವಿದ್ದೀತು. 'ಇಲ್ಲ' ಎಂದು ನಿಸ್ಸಂಕೋಚವಾಗಿ ಹೇಳಿಬಿಡುತ್ತದೆ. ನಾವು ಪರೀಕ್ಷೆಗೆಂದು ಒಂದೇ ಒಂದು ಹೆಸರನ್ನು ಹಾಕಿ ನೋಡಿದೆವು. ಅದು ದೈವಯೋಗದಿಂದ ಯಾದಿಯ ನಟ್ಟನಡುವೆ ಬಿದ್ದಿತ್ತು, ಸಿಕ್ಕಿತು. ಅಷ್ಟಕ್ಕೆ ತೃಪ್ತರಾಗಿ ರಿಜಿಸ್ಟರನ್ನು ಕಟ್ಟಿ ಮೇಲಿಟ್ಟೆವು.

ಮರುದಿನ ರವಿವಾರ. ಜುಯಿನಗರದ ಕಡೆಯಿಂದ ಬರುವ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ; ಮೊಣಕಾಲು ನೋವು, ಆದರೂ ವಾರಕ್ಕೊಮ್ಮೆ ತಪ್ಪುವುದಿಲ್ಲ. ಅವರು 'ಮಲೆಗಳಲ್ಲಿ ಮದುಮಗಳು' ಬಂದಿದೆಯಂತಲ್ಲ ಎಂದು ಕೇಳಿದರು. ಹೆಸರು ಹಾಕಿದೆವು, ಇಲ್ಲವೆಂದಿತು. ಇನ್ನೆರಡು ಪುಸ್ತಕ ಕೇಳಿದರು. ಇಲ್ಲ, ಇಲ್ಲ. "ಹಿಂದಿನ ವರ್ಷ ಇಲ್ಲಿಂದಲೇ ಒಯ್ದಿದ್ದೆನಲ್ಲಪ್ಪಾ" ಎಂದರು. "ಯಾರೋ ಒಯ್ದು ಕೊಟ್ಟಿರಲಿಕ್ಕಿಲ್ಲ ಮಾಸ್ತರ, ಯಂತ್ರದಲ್ಲಿ ಇಲ್ಲ" ಎಂದು ನಾವೇ ಹೇಳಿದೆವು. ಅವರು ಬರಿಗೈಯಲ್ಲಿ ಇಳಿದುಹೋದರು. ಅಂದು ಇನ್ನೂ ಐದಾರು ಜನಕ್ಕೆ ಅದೇ ಉತ್ತರ. ಸಂಜೆ ಬಾಗಿಲು ಹಾಕುವ ಮೊದಲು ಕಪಾಟು ಒರೆಸುತ್ತಿದ್ದ ಆ ಹುಡುಗಿಯೇ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಂದು ಮಾತಿಲ್ಲದೆ ನಿಂತಳು. ಅವಳದು ಎಷ್ಟು ತಪ್ಪೋ ಅದಕ್ಕಿಂತ ಶಾಬಾಸ್ ಎಂದ ನಮ್ಮದು ಹೆಚ್ಚು.

ಸರಿಯಾದ ದಾರಿ ಬಹಳ ಚಿಕ್ಕದು. ಕೇಳಿದ ನಮೂನೆಯಲ್ಲಿಯೇ ಒಂದು ಫಂಕ್ಷನ್ನನ್ನು ಬರೆಯುವುದು:

ಇಂಟ್ ಹೆಸರುಹೋಲಿಸು(ಕಾನ್ಸ್ಟ್ ವಾಯ್ಡ್ *ಅ, ಕಾನ್ಸ್ಟ್ ವಾಯ್ಡ್ *ಆ)
{
ಚಾರ್ *ಕಾನ್ಸ್ಟ್ *ಎಡ = ಅ;
ಚಾರ್ *ಕಾನ್ಸ್ಟ್ *ಬಲ = ಆ;
ರಿಟರ್ನ್ ಸ್ಟ್ರ್‌ಕಂಪ್(*ಎಡ, *ಬಲ);
}

'ಎಡ' ಎಂಬುದು ಖಾನೆಯ ವಿಳಾಸ. ಅದರ ಮುಂದೆ ನಕ್ಷತ್ರವಿಟ್ಟರೆ ಖಾನೆಯೊಳಗಿನ ಚೀಟಿ, ಅಂದರೆ ಹೆಸರಿನ ವಿಳಾಸ. ಅದನ್ನು ಸ್ಟ್ರ್‌ಕಂಪ್‌ಗೆ ಕೊಟ್ಟಿದ್ದೇವೆ. ಎಲ್ಲಿಯೂ ಕಾಸ್ಟ್ ಇಲ್ಲವೆಂಬುದನ್ನು ಗಮನಿಸಿರಿ. ಕ್ಯೂಸಾರ್ಟಿಗೆ 'ಹೆಸರುಹೋಲಿಸು' ಎಂಬ ಹೆಸರನ್ನಷ್ಟೇ ಬರೆದರೆ ಸಾಕು; ಕಂಪೈಲರು ತಪಾಸಣೆ ಮಾಡಿ ಒಪ್ಪುತ್ತದೆ.

ಆದರೆ ಈ ತಪಾಸಣೆಗೂ ಒಂದು ಮಿತಿ ಇದೆ. ಅದನ್ನು ಮುಚ್ಚಿಟ್ಟರೆ ಪಾಠ ಅಪ್ರಾಮಾಣಿಕವಾದೀತು. ಇದೇ ಫಂಕ್ಷನ್ನಿನೊಳಗೆ 'ಕಾನ್ಸ್ಟ್ ಚಾರ್ *ಎಡ = ಅ' ಎಂದು ಬರೆದು, ಕೊನೆಯ ಸಾಲಿನಲ್ಲಿ ನಕ್ಷತ್ರಗಳನ್ನು ಬಿಟ್ಟರೆ ನಮ್ಮ ಹಳೆಯ ತಪ್ಪೇ ಮರಳಿ ಬರುತ್ತದೆ. ಕಂಪೈಲರು ತುಟಿ ಎರಡು ಮಾಡುವುದಿಲ್ಲ. ಏಕೆಂದರೆ ವಾಯ್ಡ್ ವಿಳಾಸದ ಹಿಂದೆ ಏನಿದೆ ಎಂಬುದು ಅದಕ್ಕೆ ಕಾಣದು. ನೀವು ಹೇಳಿದ್ದೇ ಅದಕ್ಕೆ ಸತ್ಯ. ಫಂಕ್ಷನ್ನಿನ ನಮೂನೆ ಹೊಂದುತ್ತದೆಯೇ ಎಂದು ಅದು ಹೇಳಬಲ್ಲುದು, ಲಕೋಟೆಯೊಳಗಿನ ಪತ್ರ ಸರಿಯೇ ಎಂದು ಹೇಳಲಾರದು. ಆದುದರಿಂದ ವಿಂಗಡಣೆಯಾದ ಮೇಲೆ ಯಾದಿಯ ಉದ್ದಕ್ಕೂ ಒಮ್ಮೆ ನಡೆದು, ಪ್ರತಿ ಹೆಸರನ್ನೂ ಅದರ ಮುಂದಿನದರೊಡನೆ ನೇರವಾಗಿ ಸ್ಟ್ರ್‌ಕಂಪ್‌ನಿಂದ ಹೋಲಿಸಿ, ಹಿಂದುಮುಂದಾಗಿದ್ದರೆ ಕೂಗುವ ನಾಲ್ಕು ಸಾಲನ್ನು ಸೇರಿಸಿದ್ದೇವೆ. ನೇರ ಕರೆಯಲ್ಲಿ ವಾಯ್ಡ್ ಇಲ್ಲವಾದ್ದರಿಂದ ಅಲ್ಲಿ ಕಂಪೈಲರಿನ ಕಣ್ಣು ಪೂರ್ತಿ ತೆರೆದಿರುತ್ತದೆ.

ಹಾಕಿದ ಕಾಸ್ಟನ್ನೇ ಹಿಡಿಯುವ ಎಚ್ಚರಿಕೆಗಳಿಲ್ಲವೇ ಎಂದು ಕೇಳಬಹುದು. ಜಿಸಿಸಿಯಲ್ಲಿ ೨೦೧೮ರ ೮ನೆಯ ಆವೃತ್ತಿಯಿಂದ ಕಾಸ್ಟ್ ಫಂಕ್ಷನ್ ಟೈಪ್ ಎಂಬ ಎಚ್ಚರಿಕೆ ಇದೆ. ಆರ್ಗ್ಯುಮೆಂಟುಗಳ ಸಂಖ್ಯೆ ತಪ್ಪಿದರೆ ಅದು ಹಿಡಿಯುತ್ತದೆ. ಆದರೆ ಯಾವ ಪಾಯಿಂಟರಾದರೂ ಇನ್ನಾವ ಪಾಯಿಂಟರಿಗೂ ಸಮವೆಂದು ಅದು ಎಣಿಸುವುದರಿಂದ ನಮ್ಮಂಥ ತಪ್ಪನ್ನು ಬಿಟ್ಟುಬಿಡುತ್ತದೆ. ಕ್ಲ್ಯಾಂಗಿನಲ್ಲಿ ಅದರ 'ಸ್ಟ್ರಿಕ್ಟ್' ಎಂಬ ಬಿಗಿಯಾದ ರೂಪವಿದೆ, ಅದನ್ನು ಬಳಸಿರಿ.

ಇದು ನಮ್ಮಂಥ ಸಣ್ಣವರ ತೊಡಕು ಮಾತ್ರವೆಂದು ತಿಳಿಯಬೇಡಿರಿ. ಲಿನಕ್ಸಿನ ಕರ್ನೆಲಿನಲ್ಲಿ ಗಡಿಯಾರದ ಕರೆಗಳಿಗೆ ಕೊಡುವ ಫಂಕ್ಷನ್ನುಗಳು ಬಹಳ ವರ್ಷ ಒಂದು ಬರಿಯ ಸಂಖ್ಯೆಯನ್ನು ಆರ್ಗ್ಯುಮೆಂಟಾಗಿ ಪಡೆಯುತ್ತಿದ್ದವು. ಬರೆಯುವವರು ವಿಳಾಸವನ್ನು ಆ ಸಂಖ್ಯೆಯೊಳಗೆ ತುರುಕಿ ಕಳಿಸುತ್ತಿದ್ದರು. ೨೦೧೭ರಲ್ಲಿ ಕೀಸ್ ಕುಕ್ ಎಂಬವರ ಮುಂದಾಳ್ತನದಲ್ಲಿ ನೂರಾರು ಕಡೆ ಅದನ್ನು ತಿದ್ದಿ, ಸರಿಯಾದ ನಮೂನೆಯ ವಿಳಾಸವನ್ನೇ ಕೊಡುವಂತೆ ಮಾಡಿದರು. ೨೦೨೨ರ ಡಿಸೆಂಬರಿನಲ್ಲಿ ಬಂದ ೬.೧ನೆಯ ಲಿನಕ್ಸಿನಲ್ಲಿ ಇನ್ನೊಂದು ಹೆಜ್ಜೆ: ಕ್ಲ್ಯಾಂಗಿನಿಂದ ಕಟ್ಟುವಾಗ ಪ್ರತಿಯೊಂದು ಫಂಕ್ಷನ್ನಿನ ಬಾಗಿಲಲ್ಲೇ ಅದರ ನಮೂನೆಯ ಗುರುತನ್ನು ಕೆತ್ತಿಡುವ ಏರ್ಪಾಡು. ವಿಳಾಸದ ಮೂಲಕ ಕರೆಯುವವನು ಆ ಗುರುತು ಹೊಂದಿದರೆ ಮಾತ್ರ ಒಳಗೆ ಹೋಗಬೇಕು. ವಿಳಾಸವನ್ನು ಕೆಡಿಸಿ ನುಗ್ಗುವ ಕಳ್ಳರನ್ನು ತಡ��ಯುವುದಕ್ಕಾಗಿ ಇದನ್ನು ಮಾಡಿದರು. ಫಲಕವನ್ನಲ್ಲ, ಹಳಿಯನ್ನೇ ನೋಡುವ ಕಾವಲು ಇದು. ಅಂಥ ಕಾವಲಿದ್ದ ಕಡೆ ನಮ್ಮ ಕ್ಯೂಸಾರ್ಟ್ ಮೊದಲ ಕರೆಯಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಯಾದಿ ಸರಿಯಾದ ಮೇಲೆಯೂ ಮಾಸ್ತರರು ಒಂದು ಕೊರತೆಯನ್ನು ತೋರಿಸಿದರು. 'ಕಳಸ' ಎಂಬುದು 'ಕವಲು' ಎಂಬುದಕ್ಕಿಂತ ಮೊದಲು ಬರುತ್ತಿತ್ತು. ನಾವು ಕಲಿತ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆಗಿ ಕೊನೆಗೆ ಳ. ಯೂನಿಕೋಡಿನ ಕೋಷ್ಟಕದಲ್ಲಿ ಳಕಾರವು ಲಕಾರದ ಪಕ್ಕಕ್ಕೆ, ವಕಾರಕ್ಕಿಂತ ಮೊದಲು ಕೂತಿದೆ. ಸ್ಟ್ರ್‌ಕಂಪ್‌ಗೆ ಬೈಟುಗಳ ಕ್ರಮ ಗೊತ್ತೇ ಹೊರತು ನಮ್ಮ ಓನಾಮ ಗೊತ್ತಿಲ್ಲ. ಇಲ್ಲಿ ಫಂಕ್ಷನ್ ಪಾಯಿಂಟರಿನ ನಿಜವಾದ ಸೊಗಸು ಕಾಣುತ್ತದೆ. ಕ್ಯೂಸಾರ್ಟನ್ನು ಮುಟ್ಟಬೇಕಾಗಿಲ್ಲ, 'ಹೆಸರುಹೋಲಿಸು' ಎಂಬುದರ ಒಳಗೆ ಸ್ಟ್ರ್‌ಕಂಪ್‌ನ ಬದಲು ಳಕಾರವನ್ನು ಹಕಾರದ ಆಚೆಗೆ ಎಣಿಸುವ ನಮ್ಮದೇ ಹೋಲಿಕೆಯನ್ನು ಇಟ್ಟರಾಯಿತು. ಬಿಸರ್ಚಿಗೂ, ಮೇಲೆ ಹೇಳಿದ ನಾಲ್ಕು ಸಾಲಿನ ಪರೀಕ್ಷೆಗೂ ಅದೇ ಹೋಲಿಕೆಯನ್ನೇ ಕೊಡಬೇಕು. ಒಂದು ಕಡೆ ಒಂದು ಕ್ರಮ, ಇನ್ನೊಂದು ಕಡೆ ಇನ್ನೊಂದಾದರೆ ಮತ್ತೆ 'ಇಲ್ಲ' ಶುರುವಾಗುತ್ತದೆ.

ಆ ಹೋಲಿಕೆಯನ್ನು ಬರೆದುಕೊಂಡು ಬರುವುದು ಮುಂದಿನ ರವಿವಾರದ ಅಭ್ಯಾಸ. ಕಳಸ, ಕವಲು, ಕಹಿ, ಕಲೆ ಈ ನಾಲ್ಕನ್ನು ಹಾಕಿ ನೋಡಿರಿ. ಕಲೆ, ಕವಲು, ಕಹಿ, ಕಳಸ ಎಂದು ಬರಬೇಕು. 'ಮಲೆಗಳಲ್ಲಿ ಮದುಮಗಳು' ಸದ್ಯ ಮಾಸ್ತರರ ಮನೆಯಲ್ಲಿದೆ. ವಾಯಿದೆ ಮುಗಿದು ಹತ್ತು ದಿನವಾದರೂ ನಾವು ಕೇಳಲು ಹೋಗಿಲ್ಲ.